ಅಂದಾಜು ಒಂದು, ಖರ್ಚು ಇನ್ನೊಂದು: ಮೆಟ್ರೊ, ರೈಲು ಕಾಮಗಾರಿಗಳ ಹೆಚ್ಚುವರಿ ಹೊರೆ ಯಾರ ತಲೆಗೆ?

ಬನಶಂಕರಿ ವಾಸಿ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಕೇಳಬೇಕು ಅಂದುಕೊಂಡಿದ್ದ ವಿಷಯ. ನಾನು ದಿನಾ ಬನಶಂಕರಿಯಿಂದ ವೈಟ್‌ಫೀಲ್ಡ್‌ಗೆ ಮೆಟ್ರೊದಲ್ಲಿ ಹೋಗಿ ಬರುತ್ತೇನೆ. 2025ರ ಫೆಬ್ರುವರಿ 9ಕ್ಕೆ ದರ ಏರಿದಾಗ ನನ್ನ ಒಂದು ಕಡೆಯ ಟಿಕೆಟ್ 60ರಿಂದ 90 ರೂಪಾಯಿ ಆಯಿತು. ತಿಂಗಳಿಗೆ 25 ದಿನ ಹಿಡಿದರೆ 1,500 ರೂಪಾಯಿ ಹೆಚ್ಚು. ನಮ್ಮ ಮನೆಯಲ್ಲಿ ಅದು ಒಂದು ತಿಂಗಳ ಹಾಲಿನ ದುಡ್ಡು.

ದರ ಯಾಕೆ ಏರಿತು ಅಂದರೆ ಓಡಿಸುವ ಖರ್ಚು ಏರಿದೆ, ಸಾಲ ತೀರಿಸಬೇಕು ಅಂತಾರೆ. ಸಾಲ ಯಾಕಿಷ್ಟು ಬೆಳೆಯಿತು ಅಂತ ಹುಡುಕಿಕೊಂಡು ಕೂತೆ. ಮೊದಲ ಹಂತಕ್ಕೆ 2006ರಲ್ಲಿ ಅಡಿಗಲ್ಲು ಹಾಕಿದಾಗ ಅಂದಾಜು 33 ಕಿ.ಮೀ.ಗೆ 6,395 ಕೋಟಿ. ಆಮೇಲೆ ಉದ್ದ 42.3 ಕಿ.ಮೀ. ಆಯಿತು, ಅಂದಾಜು 8,158 ಕೋಟಿ ಆಯಿತು, ಆಮೇಲೆ 11,609 ಕೋಟಿ. 2017ರ ಜೂನ್‌ನಲ್ಲಿ ಮುಗಿಯುವಾಗ 13,800 ಕೋಟಿ ದಾಟಿತ್ತು. ಎರಡನೇ ಹಂತಕ್ಕೆ 2014ರಲ್ಲಿ ಒಪ್ಪಿಗೆ ಸಿಕ್ಕಿದ್ದು 72 ಕಿ.ಮೀ.ಗೆ 26,405 ಕೋಟಿ. ಈಗ 40 ಸಾವಿರ ಕೋಟಿ ಆಸುಪಾಸಿನ ಮಾತು ನಡೀತಿದೆ.

ಉದ್ದ ಜಾಸ್ತಿ ಆದರೆ ಖರ್ಚು ಜಾಸ್ತಿ, ಅದು ಸರಿ. ಉಳಿದದ್ದು ಎಲ್ಲಿಗೆ ಹೋಗುತ್ತೆ? ಗೊತ್ತಿರೋರು ಬಿಡಿಸಿ ಹೇಳಿ. ಬರೀ «ಎಲ್ಲಾ ತಿಂದರು» ಅನ್ನೋ ಉತ್ತರ ಬೇಡ. ಅದನ್ನು ಕೇಳಿ ಕೇಳಿ ಸಾಕಾಗಿದೆ, ಅದರಿಂದ ನನಗೇನೂ ತಿಳಿಯಲ್ಲ.

ಲೆಕ್ಕಪತ್ರ

ಒಳ್ಳೇ ಪ್ರಶ್ನೆ ಸರ್. ಮೊದಲು ದುಡ್ಡು ಎಲ್ಲಿಂದ ಬರುತ್ತೆ ಅನ್ನೋದು ಹೇಳ್ತೀನಿ, ಹೋಗೋ ದಾರಿ ಆಮೇಲೆ.

ನಮ್ಮ ಮೆಟ್ರೊ ನಿಗಮದಲ್ಲಿ ಕೇಂದ್ರ, ರಾಜ್ಯ ಎರಡಕ್ಕೂ ಅರ್ಧರ್ಧ ಪಾಲು. ಎರಡೂ ಸರ್ಕಾರ ಷೇರು ಬಂಡವಾಳ ಹಾಕುತ್ತವೆ, ಮೇಲೆ ಅಧೀನ ಸಾಲ ಅಂತ ಬಡ್ಡಿಯಿಲ್ಲದ್ದೋ ಕಡಿಮೆ ಬಡ್ಡಿಯದ್ದೋ ಸ್ವಲ್ಪ ಕೊಡುತ್ತವೆ. ಉಳಿದ ದೊಡ್ಡ ಪಾಲು ಹೊರಗಿನ ಸಾಲ. ಜಪಾನಿನ ಜೈಕಾ, ಫ್ರಾನ್ಸಿನ ಎಎಫ್‌ಡಿ, ಯುರೋಪಿನ ಇಐಬಿ, ಏಷ್ಯಾ ಅಭಿವೃದ್ಧಿ ಬ್ಯಾಂಕ್, ಎಐಐಬಿ ಎಲ್ಲರೂ ಒಂದಲ್ಲ ಒಂದು ಮಾರ್ಗಕ್ಕೆ ಕೊಟ್ಟಿದ್ದಾರೆ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರ ಹಾದು ವಿಮಾನ ನಿಲ್ದಾಣಕ್ಕೆ ಹೋಗುವ 2ಎ, 2ಬಿ ಮಾರ್ಗಕ್ಕೆ 2021ರಲ್ಲಿ ಒಪ್ಪಿಗೆ ಸಿಕ್ಕಿತಲ್ಲ, 58 ಕಿ.ಮೀ., 14,788 ಕೋಟಿ, ಅದಕ್ಕೆ ಏಷ್ಯಾ ಅಭಿವೃದ್ಧಿ ಬ್ಯಾಂಕೊಂದೇ 50 ಕೋಟಿ ಡಾಲರ್ ಸಾಲ ಕೊಟ್ಟಿದೆ.

ಈಗ ಮುಖ್ಯ ಮಾತು. ಕೇಂದ್ರದ ಪಾಲು ಒಪ್ಪಿಗೆ ಕೊಟ್ಟ ದಿನದ ಅಂದಾಜಿಗೆ ಕಟ್ಟಿಹಾಕಿರುತ್ತೆ. ಜಾಗದ ಖರ್ಚು ಹೆಚ್ಚಾದರೆ, ತಡವಾಗಿ ಬೆಲೆ ಏರಿದರೆ, ಆ ಹೊರೆ ಬಹುತೇಕ ರಾಜ್ಯದ್ದು. ಮೆಟ್ರೊ ಓಡಿಸಿ ನಷ್ಟವಾದರೂ, ಸಾಲದ ಕಂತು ಕಟ್ಟಲಾಗದಿದ್ದರೂ ತುಂಬಿಕೊಡುವ ಜವಾಬ್ದಾರಿ ರಾಜ್ಯದ್ದೇ. ಅಂದರೆ ಅಂದಾಜು ಮೀರಿದ ಪ್ರತಿ ರೂಪಾಯಿ ಎರಡೇ ಕಡೆಯಿಂದ ಬರಬೇಕು: ರಾಜ್ಯದ ಖಜಾನೆ ಅಥವಾ ನಿಮ್ಮ ಟಿಕೆಟ್. ಖಜಾನೆಯೂ ನಮ್ಮದೇ, ಟಿಕೆಟ್ಟೂ ನಮ್ಮದೇ.

ಯಲಹಂಕ ಲೋಕಲ್

ಹಾಗಾದರೆ ದರ ಏರಿಸಿದ್ದು ಯಾರು? ಕೇಂದ್ರ ರಾಜ್ಯದ ಕಡೆ ಕೈ ತೋರಿಸಿತು, ರಾಜ್ಯ ಕೇಂದ್ರದ ಕಡೆ ತೋರಿಸಿತು.

ಲೆಕ್ಕಪತ್ರ

2002ರ ಮೆಟ್ರೊ ಕಾಯ್ದೆ ಪ್ರಕಾರ ದರ ನಿಗದಿ ಸಮಿತಿ ರಚಿಸಬೇಕು. ಹೈಕೋರ್ಟಿನ ಹಾಲಿ ಇಲ್ಲವೇ ನಿವೃತ್ತ ನ್ಯಾಯಮೂರ್ತಿ ಅಧ್ಯಕ್ಷರು, ಕೇಂದ್ರದಿಂದ ಒಬ್ಬರು, ರಾಜ್ಯದಿಂದ ಒಬ್ಬರು ಸದಸ್ಯರು. ಸಮಿತಿ ಕೊಟ್ಟ ಶಿಫಾರಸು ನಿಗಮದ ಮೇಲೆ ಬಂಧನಕಾರಿ. ನಮ್ಮಲ್ಲಿ 2017ರಿಂದ 2025ರವರೆಗೆ ಏರಿಸಲೇ ಇಲ್ಲ, ಆಮೇಲೆ ಒಂದೇ ಏಟಿಗೆ ಏರಿಸಿದರು. ಜನ ಕೂಗಿದ ಮೇಲೆ ನಾಲ್ಕೈದು ದಿನಕ್ಕೆ ಕೆಲವು ಹಂತಗಳಲ್ಲಿ ಸ್ವಲ್ಪ ಇಳಿಸಿದರು. ಗರಿಷ್ಠ 90 ಹಾಗೇ ಉಳಿಯಿತು. ವರ್ಷ ವರ್ಷ ಸ್ವಲ್ಪ ಸ್ವಲ್ಪ ಏರಿಸಿದ್ದರೆ ಇಷ್ಟು ನೋವಾಗ್ತಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಆದರೆ ಒಂದು ಮಾತು ಒತ್ತಿ ಹೇಳ್ತೀನಿ. ಟಿಕೆಟ್ ದುಡ್ಡಿನಿಂದ ಕರೆಂಟು, ಸಂಬಳ, ನಿರ್ವಹಣೆ ನಡೆದರೆ ಸಾಕು. ಸುರಂಗ, ಕಂಬ, ನಿಲ್ದಾಣದ ಬಂಡವಾಳವನ್ನೂ ಪ್ರಯಾಣಿಕನ ಜೇಬಿನಿಂದ ವಾಪಸ್ ತೆಗೀಬೇಕು ಅನ್ನೋ ಲೆಕ್ಕ ತಪ್ಪು. ಫ್ಲೈಓವರ್ ಮೇಲೆ ಕಾರಲ್ಲಿ ಹೋಗೋನ ಹತ್ತಿರ ಫ್ಲೈಓವರ್ ಕಟ್ಟಿದ ಖರ್ಚು ಕೇಳ್ತೀವಾ?

ಅಳತೆ ಪುಸ್ತಕ

ನಾನು 19 ವರ್ಷ ಗುತ್ತಿಗೆದಾರರ ಕಡೆ ಬಿಲ್ಲಿಂಗ್ ಎಂಜಿನಿಯರ್ ಆಗಿದ್ದವನು. ಸೇತುವೆ, ಅಂಡರ್‌ಪಾಸ್, ಎತ್ತರಿಸಿದ ಮಾರ್ಗದ ಕೆಲಸ ಮಾಡಿದ್ದೀನಿ. «ಉಳಿದದ್ದು ಎಲ್ಲಿಗೆ ಹೋಗುತ್ತೆ» ಅಂತ ಕೇಳಿದ್ದೀರಿ. ನಾನು ಕಣ್ಣಾರೆ ಕಂಡದ್ದನ್ನೇ ಹೇಳ್ತೀನಿ. ಊರು, ಇಲಾಖೆ ಹೆಸರು ಹೇಳಲ್ಲ.

ಒಂದು ಮುಖ್ಯ ರಸ್ತೆಯಲ್ಲಿ ಕಂಬಕ್ಕೆ ಪೈಲ್, ಅಂದರೆ ನೆಲದೊಳಗೆ ಆಳಕ್ಕೆ ಇಳಿಸುವ ಅಡಿಪಾಯ, ಹಾಕಬೇಕು. ಡ್ರಾಯಿಂಗ್‌ನಲ್ಲಿ ಆ ಜಾಗದಲ್ಲಿ ಏನೂ ಇಲ್ಲ. ರೂಢಿಯಂತೆ ಮೊದಲು ಟ್ರಯಲ್ ಪಿಟ್ ತೆಗೆಸಿದ್ವಿ. ರಾತ್ರಿ ಹನ್ನೊಂದರ ಮೇಲೆ ಮಾತ್ರ ಕೆಲಸ, ಅದೂ ಒಂದು ಲೇನ್ ಮುಚ್ಚಿ. ಒಂದೂವರೆ ಮೀಟರ್ ಅಗೆಯೋ ಹೊತ್ತಿಗೆ ಗುದ್ದಲಿಗೆ ಠಣ್ ಅಂತ ಸದ್ದು. ಬ್ಯಾಟರಿ ಬಿಟ್ಟು ನೋಡಿದರೆ ಬೀಡುಕಬ್ಬಿಣದ ಹಳೇ ನೀರಿನ ಪೈಪು, ಜಾಯಿಂಟಿನಲ್ಲಿ ಸೀಸ ತುಂಬಿದ್ದು. ಅದರ ಪಕ್ಕದಲ್ಲೇ ಎಚ್‌ಟಿ ಕೇಬಲ್ (ಹೆಚ್ಚು ವೋಲ್ಟೇಜಿನ ಕರೆಂಟು ತಂತಿ), ಮೇಲೆ ಮುಚ್ಚಿದ ಇಟ್ಟಿಗೆಯೂ ಇಲ್ಲ. ಪೈಪಿನ ಇಲಾಖೆಗೆ ಪತ್ರ ಹಾಕಿದ್ವಿ. ನಮ್ಮ ದಾಖಲೆಯಲ್ಲಿ ಇಲ್ಲ ಅಂದರು. ಜಂಟಿ ಪರಿಶೀಲನೆಗೆ ಬಂದರು, ಒಪ್ಪಿಕೊಂಡರು, ಎಸ್ಟಿಮೇಟ್ ಮಾಡಿದರು, ಠೇವಣಿ ಕಟ್ಟಿ ಅಂದರು. ಕಟ್ಟಿದ ಮೇಲೆ ಅವರು ಬೇರೆ ಟೆಂಡರ್ ಕರೆದರು. ಆ ಒಂದು ಕಂಬದ ಜಾಗ ಕೈಗೆ ಬರೋಕೆ ಏಳು ತಿಂಗಳು.

ಏಳು ತಿಂಗಳು ನಮ್ಮ ಪೈಲಿಂಗ್ ರಿಗ್ ಅಲ್ಲೇ ಪಕ್ಕದಲ್ಲಿ ನಿಂತಿತ್ತು. ಆಪರೇಟರ್ ಸಂಬಳ, ಬ್ಯಾರಿಕೇಡ್ ಬಾಡಿಗೆ, ಟ್ರಾಫಿಕ್ ಮಾರ್ಷಲ್‌ಗಳ ಕೂಲಿ ಎಲ್ಲ ಓಡ್ತಾನೇ ಇತ್ತು. ಅದು ಐಡಲ್ ಚಾರ್ಜ್ ಅಂತ ಕ್ಲೇಮ್ ಆಗುತ್ತೆ. ಅವಧಿ ವಿಸ್ತರಣೆ ಕೊಟ್ಟರೆ ಸಿಮೆಂಟು, ಕಬ್ಬಿಣ, ಡೀಸೆಲ್ ಸೂಚ್ಯಂಕದ ಪ್ರಕಾರ ಬೆಲೆ ಏರಿಕೆಯನ್ನೂ ಕೊಡಬೇಕು. ಕೊಡದಿದ್ದರೆ ಗುತ್ತಿಗೆದಾರ ಮಧ್ಯಸ್ಥಗಾರರ ಮುಂದೆ, ಅಂದರೆ ಆರ್ಬಿಟ್ರೇಷನ್‌ಗೆ ಹೋಗ್ತಾನೆ, ಐದಾರು ವರ್ಷ ಬಿಟ್ಟು ಬಡ್ಡಿ ಸೇರಿಸಿ ವಸೂಲಿ ಮಾಡ್ತಾನೆ. ಒಂದು ಪೈಪಿನ ಕಥೆ ಇದು. ಒಂದು ಮಾರ್ಗದಲ್ಲಿ ಇಂಥ ನೂರಾರು ಇರ್ತವೆ.

ಕದಿಯೋದು ಇಲ್ಲ ಅಂತ ನಾನು ಹೇಳಲ್ಲ. ಆದರೆ ನಾನು ಬರೆದ ಬಿಲ್ಲುಗಳಲ್ಲಿ ದೊಡ್ಡ ಮೊತ್ತ ಹೋಗಿದ್ದು ಕಾಯೋದಕ್ಕೆ.

ಬನಶಂಕರಿ ವಾಸಿ

ಸರ್, ಓದಿ ಮನಸ್ಸಿಗೆ ಬೇಜಾರಾಯಿತು. ಹಾಗಾದರೆ ಜಾಗ ಪೂರ್ತಿ ಖಾಲಿಯಾಗಿ, ಪೈಪು ಕೇಬಲ್ ಸರಿಸಿದ ಮೇಲೇ ಟೆಂಡರ್ ಕರೆದರೆ ಆಗಲ್ವಾ?

ಅಳತೆ ಪುಸ್ತಕ

ಅದೇ ಆಗಬೇಕಾದ್ದು. ಹೆದ್ದಾರಿ ಕೆಲಸಗಳಲ್ಲಿ ಶೇ 80ರಿಂದ 90ರಷ್ಟು ಜಾಗ ಕೈಗೆ ಬರದೆ ಕೆಲಸ ಶುರುವಿನ ದಿನಾಂಕವನ್ನೇ ಕೊಡಬಾರದು ಅನ್ನೋ ನಿಯಮ ಇದೆ. ನಗರದ ರೈಲು ಕೆಲಸಕ್ಕೂ ಅಷ್ಟೇ ಕಟ್ಟುನಿಟ್ಟು ಬರಬೇಕು. ಆದರೆ ಅಡಿಗಲ್ಲಿನ ಮುಹೂರ್ತ ಮೊದಲೇ ನಿಗದಿ ಆಗಿರುತ್ತೆ. ಅಡಿಗಲ್ಲು ಹಾಕಿದ ಮೇಲೆ ಕೆಲಸ ನಡೀತಿರೋ ಹಾಗೆ ಕಾಣಬೇಕಲ್ಲ, ಸಿಕ್ಕ ತುಂಡು ಜಾಗದಲ್ಲೇ ಕಂಬ ಎಬ್ಬಿಸ್ತೀವಿ. ನಡುವೆ ನಾಲ್ಕು ಕಂಬ ಇಲ್ಲದ ಗ್ಯಾಪು ನೀವೂ ನೋಡಿರ್ತೀರಿ. ಆ ಗ್ಯಾಪಿನಲ್ಲೇ ದುಡ್ಡು ಸೋರೋದು.

ಇನ್ನೊಂದು ಮಣ್ಣು. ಬೆಂಗಳೂರಿನ ನೆಲ ಪೂರ್ತಿ ಬಂಡೆ ಆಗಿದ್ದರೂ ಸುಲಭ, ಪೂರ್ತಿ ಮಣ್ಣಾಗಿದ್ದರೂ ಸುಲಭ. ಇಲ್ಲಿ ಮಣ್ಣಿನ ನಡುವೆ ಗುಂಡುಬಂಡೆ, ಅರ್ಧ ಮುಖಕ್ಕೆ ಕಲ್ಲು ಇನ್ನರ್ಧಕ್ಕೆ ಮಣ್ಣು. ಮೊದಲ ಹಂತದಲ್ಲಿ ಗೋದಾವರಿ ಅನ್ನೋ ಸುರಂಗ ಯಂತ್ರ ಮೆಜೆಸ್ಟಿಕ್–ಚಿಕ್ಕಪೇಟೆ ನಡುವೆ ಕಲ್ಲು ಕೊರೆಯೋ ಮುಂಭಾಗ (ಕಟರ್ ಹೆಡ್) ಕೆಟ್ಟು ತಿಂಗಳುಗಟ್ಟಲೆ ನಿಂತುಬಿಟ್ಟಿತ್ತು, ನೆನಪಿದೆಯಾ? ಬೋರ್ ಹಾಕಿ ಮಣ್ಣು ಪರೀಕ್ಷೆ ಮಾಡೋಕೆ ಇಡೋ ದುಡ್ಡು ಒಟ್ಟು ಕಾಮಗಾರಿ ಮುಂದೆ ಬಹಳ ಚಿಕ್ಕದು. ಅಲ್ಲಿ ಕೈ ಬಿಗಿ ಹಿಡಿದು ಆಮೇಲೆ ಸುರಂಗದಲ್ಲಿ ಕೋಟಿಗಟ್ಟಲೆ ಸುರೀತೀವಿ.

ಕಲಬುರಗಿ ಕಡೆಯವ

ನಿಮ್ ಬೆಂಗಳೂರಿನ ಮೆಟ್ರೊ ಮಾತು ಆಯ್ತು, ನಮ್ ಕಡಿ ರೈಲಿನ ಕತಿ ಭಿ ಕೇಳ್ರಿ. ಬೀದರ್–ಕಲಬುರಗಿ ಲೈನು ಮಂಜೂರಾಗಿದ್ದು 1997-98ರಾಗ. ಆಗ ಅಂದಾಜು 370 ಕೋಟಿ ಹತ್ರ. 110 ಕಿ.ಮೀ. ಮುಗದಿದ್ದು 2017ರ ಅಕ್ಟೋಬರ್‌ದಾಗ. ಅಷ್ಟೊತ್ತಿಗಿ 1,542 ಕೋಟಿ ಆಗಿತ್ತು. ನಾಲ್ಕು ಪಟ್ಟು!

ನಮ್ಮ ಹೊಲದಾಗ ಸರ್ವೆ ಕಲ್ಲು ನಟ್ಟಾಗ ನಾ ಆರನೇ ಇಯತ್ತೆ. ನಮ್ಮಪ್ಪ ಆ ಕಲ್ಲಿನ ಸುತ್ತ ತೊಗರಿ ಬಿತ್ತೋದು ಬಿಟ್ಟಿದ್ದ, ಇವತ್ತ ಬರ್ತಾರ ನಾಳಿ ಬರ್ತಾರ ಅಂತ. ಮೊದಲ ರೈಲು ಹೋದಾಗ ನನ್ನ ಮಗಳು ಶಾಲಿಗಿ ಹೋಗ್ತಿದ್ಲು. ನಮ್ಮಪ್ಪ ಅಷ್ಟು ದಿನ ಇರ್ಲಿಲ್ಲ.

ಇಲ್ಲಿ ಪೈಪು ಇರ್ಲಿಲ್ಲ, ಟ್ರಾಫಿಕ್ ಇರ್ಲಿಲ್ಲ. ಮರಗುತ್ತಿ ಸುರಂಗ ಒಂದು ಕಷ್ಟದ ಕೆಲಸ ಖರೇ, ಆದ್ರ ಅದೊಂದೇ ಅಲ್ಲ. ವರ್ಷಾ ಬಜೆಟ್ಟಿನಾಗ ಒಂದಿಷ್ಟು ಕೋಟಿ, ಮರು ವರ್ಷ ಇನ್ನೊಂದಿಷ್ಟು. ಆ ರೊಕ್ಕದಾಗ ಒಂದು ಸೇತುವಿ ಆಗ್ತದ, ಆಮ್ಯಾಲ ಕೆಲಸ ಬಂದ್. ಗುತ್ತಿಗೆದಾರ ಹೋಗ್ತಾನ, ಮತ್ತ ಟೆಂಡರ್, ಮತ್ತ ಹೊಸ ದರ. ಒಂದೇ ಸಲ ಹತ್ತು ಲೈನು ಘೋಷಣೆ ಮಾಡಿ ಹತ್ತಕ್ಕೂ ಚಮಚದಲಿ ನೀರು ಹಾಕಿದ್ರ ಒಂದೂ ಬೆಳ್ಯಂಗಿಲ್ಲ. ಕರ್ನಾಟಕ ಸರ್ಕಾರ ಬಹಳ ಹೊಸ ಲೈನಿಗಿ ಅರ್ಧ ಖರ್ಚು ತಾನೇ ಕೊಡ್ತದ, ಜಾಗ ಭಿ ಕೊಡ್ತದ. ಅರ್ಧ ಕೊಡೋರು ಯಾವುದು ಮೊದಲು ಮುಗೀಬೇಕು ಅಂತ ಕುಂತು ಹೇಳಬೇಕಲ್ಲ.

ಚಿಗರಿ ಪಾಸು

ಧಾರವಾಡದಿಂದ ಬರಿಯಾಕತ್ತೀನ್ರಿ. ನಾನು ದಿನಾ ಹುಬ್ಬಳ್ಳಿಗೆ ನೌಕರಿಗೆ ಚಿಗರಿ ಬಸ್ಸಿನ್ಯಾಗ ಹೋಗಾಕಿ. ನಮ್ಮ ಬಿಆರ್‌ಟಿಎಸ್, ಅಂದ್ರ ಬಸ್ಸಿಗಂತನ ಬ್ಯಾರೆ ಮಾಡಿದ ದಾರಿ, 22 ಕಿ.ಮೀ., ಖರ್ಚು ಸಾವಿರ ಕೋಟಿ ಸಮೀಪ, ವಿಶ್ವಬ್ಯಾಂಕ್ ನೆರವೂ ಇತ್ತು. ನಿಮ್ಮ ಮೆಟ್ರೊ ಲೆಕ್ಕದಾಗ ಇದು ಅಗ್ಗ. ಬಸ್ಸು 2018ರಾಗ ಓಡಾಕ ಶುರು ಆತು, ಉದ್ಘಾಟನೆ 2020ರಾಗ.

ಶುರುವಿಗೆ ಭಾಳ ಚಲೋ ಇತ್ರಿ. ತಂಪು ಗಾಡಿ, ಹತ್ತಾಕ ಮೆಟ್ಟಲಿಲ್ಲ, ನಮ್ಮವ್ವನೂ ಕೈ ಹಿಡಿಯದ ಹತ್ತತಿದ್ಲು. ಈಗ ಬಸ್ಸು ಹಳೇವಾದು. ಮಳಿ ಬಂದ್ರ ಟೋಲ್ ನಾಕಾದಾಗ ನೀರು ಮೊಣಕಾಲತನಾ. ಗಟಾರ ಸರಿ ಮಾಡೋದು ಕಾರಿಡಾರ್ ಕಟ್ಟೋವಾಗ ಆಗಬೇಕಿತ್ತು. ನಾ ಹೇಳೋದು ಇಷ್ಟ: ಕಟ್ಟಾಕ ರೊಕ್ಕ ಸಿಗತೈತಿ, ಸಾಲಾನೂ ಸಿಗತೈತಿ. ಹತ್ತು ವರ್ಷ ಆದಮ್ಯಾಲೆ ಹೊಸ ಬಸ್ಸು ತಗೊಳ್ಳಾಕ, ಬಾಗಲಾ ರಿಪೇರಿ ಮಾಡಾಕ ರೊಕ್ಕ ಯಾರು ಇಟ್ಟಿರತಾರ? ಆ ಲೆಕ್ಕ ಅಂದಾಜಿನ್ಯಾಗ ಬರಂಗೇ ಇಲ್ಲ.

ಯಲಹಂಕ ಲೋಕಲ್

ಅಕ್ಕಾ, ನೀವು ಹೇಳಿದ್ದು ನೂರಕ್ಕೆ ನೂರು ಸರಿ.

ಬೆಂಗಳೂರು ಉಪನಗರ ರೈಲಿನದ್ದೂ ಹೇಳ್ತೀನಿ. 2020ರ ಅಕ್ಟೋಬರ್‌ನಲ್ಲಿ ಒಪ್ಪಿಗೆ, 148 ಕಿ.ಮೀ., 15,767 ಕೋಟಿ. ಕೇಂದ್ರ ಶೇ 20, ರಾಜ್ಯ ಶೇ 20, ಸಾಲ ಶೇ 60. ಕಿ.ಮೀ. ಲೆಕ್ಕದಲ್ಲಿ ಮೆಟ್ರೊಗಿಂತ ಎಷ್ಟೋ ಅಗ್ಗ, ಯಾಕಂದರೆ ಬಹಳಷ್ಟು ಕಡೆ ರೈಲ್ವೆ ಜಾಗದಲ್ಲೇ ಹಳಿ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ನಾಲ್ಕು ಮಾರ್ಗ. 2022ರ ಜೂನ್‌ನಲ್ಲಿ ಪ್ರಧಾನಿ ಅಡಿಗಲ್ಲು ಹಾಕಿದಾಗ 40 ತಿಂಗಳು ಅಂದಿದ್ದರು. ಆ 40 ತಿಂಗಳು ಮುಗಿದು ಹೋಯಿತು, ಒಂದು ಕಿ.ಮೀ. ರೈಲೂ ಓಡಿಲ್ಲ. ಯೋಜನೆ ನಡೆಸುವ ಸಂಸ್ಥೆಗೆ ಬಹಳ ಕಾಲ ಪೂರ್ಣಾವಧಿ ಎಂಡಿ ಇರಲಿಲ್ಲ. ಜಾಗ ಸಿಗಲಿಲ್ಲ ಅಂತ 2025ರಲ್ಲಿ ಗುತ್ತಿಗೆದಾರರೇ ಎದ್ದು ಹೋದರು. ಈಗ ಮರುಟೆಂಡರ್. ಕಲಬುರಗಿಯವರು ಹೇಳಿದ ಹಾಗೇ, ಮತ್ತೆ ಹೊಸ ದರ.

ನಮ್ಮ ಯಲಹಂಕ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು ಈ ರೈಲಿಗೆ ಕಾಯೋದು ನಮ್ಮ ತಂದೆ ಕಾಲದಿಂದ ನಡೆದಿದೆ. ಕೋಪ ಅಲ್ಲ, ನಿಜವಾಗಲೂ ನೋವಾಗುತ್ತೆ.

ನೆಕ್ಕರ್ ದಂಡೆ

ಸ್ಟುಟ್‌ಗಾರ್ಟ್‌ನಿಂದ ಬರೀತಿದ್ದೀನಿ, ಊರು ದಾವಣಗೆರೆ. ಇಲ್ಲಿಯ ಕಥೆಯೂ ಸೇರಿಸಿಕೊಳ್ಳಿ, ಇದು ನಮ್ಮಲ್ಲಿ ಮಾತ್ರ ಅಲ್ಲ ಅಂತ ಗೊತ್ತಾಗಲಿ.

ಸ್ಟುಟ್‌ಗಾರ್ಟ್ 21 ಅಂತ ಮುಖ್ಯ ನಿಲ್ದಾಣವನ್ನು ನೆಲದಡಿಗೆ ಇಳಿಸುವ ಯೋಜನೆ. 2009ರ ಒಪ್ಪಂದದಲ್ಲಿ 450 ಕೋಟಿ ಯೂರೊ. 2019ಕ್ಕೆ ಮುಗಿಯಬೇಕಿತ್ತು. ಈಗ 1,100 ಕೋಟಿ ಯೂರೊ ದಾಟಿದೆ, ಇನ್ನೂ ಮುಗಿದಿಲ್ಲ. ಇಲ್ಲಿಯ ನೆಲದಲ್ಲಿ ಅನ್‌ಹೈಡ್ರೈಟ್ ಅನ್ನೋ ಕಲ್ಲು ಇದೆ, ನೀರು ತಗುಲಿದರೆ ಊದಿಕೊಳ್ಳುತ್ತೆ. ಅಳತೆ ಪುಸ್ತಕ ಸರ್ ಹೇಳಿದ ಗುಂಡುಬಂಡೆ ಕಥೆಯ ಇನ್ನೊಂದು ರೂಪ.

ನಾನು ಹೇಳಬೇಕಾದ ಮುಖ್ಯ ವಿಷಯ ಬೇರೆ. ಅಂದಾಜು ಮೀರಿದರೆ ಏನು ಮಾಡಬೇಕು ಅನ್ನೋದಕ್ಕೆ ಒಪ್ಪಂದದಲ್ಲಿ «ಕೂತು ಮಾತಾಡೋಣ» ಅನ್ನೋ ಅರ್ಥದ ಒಂದು ಸಾಲು ಮಾತ್ರ ಇತ್ತು. ಆ ಒಂದು ಸಾಲಿನ ಮೇಲೆ ರೈಲ್ವೆ ಸಂಸ್ಥೆ, ರಾಜ್ಯ, ನಗರ ವರ್ಷಗಟ್ಟಲೆ ಕೋರ್ಟಿನಲ್ಲಿ ಜಗಳ ಆಡಿದವು. 2024ರ ಮೇನಲ್ಲಿ ಇಲ್ಲಿಯ ಆಡಳಿತ ನ್ಯಾಯಾಲಯ ರೈಲ್ವೆ ಸಂಸ್ಥೆಯ ಅರ್ಜಿ ತಳ್ಳಿಹಾಕಿತು, ಹೆಚ್ಚಿನ ಹೊರೆ ಅದರದ್ದೇ ಆಯಿತು. ಸಹಿ ಹಾಕುವ ಮೊದಲೇ ಇಂತಿಷ್ಟು ಮೀರಿದರೆ ಇಂಥವರು ಇಷ್ಟು ಅಂತ ಬರೆದಿಟ್ಟಿದ್ದರೆ, ಅಂದಾಜು ಮಾಡುವವರೂ ಎಚ್ಚರವಾಗಿರುತ್ತಿದ್ದರು. ನಮ್ಮಲ್ಲಿ ಮೀರಿದ್ದೆಲ್ಲ ರಾಜ್ಯದ ತಲೆಗೆ ಅಂತ ಮೊದಲೇ ಗೊತ್ತಿದೆ, ನಿಜ. ಆದರೆ ರಾಜ್ಯದಲ್ಲಿ ಯಾರಿಗೆ, ಯಾವ ಕಚೇರಿಗೆ ಅದು ಬಿಸಿ ಮುಟ್ಟಿಸುತ್ತೆ?

ಕೆಂಗೇರಿ ಮೇಷ್ಟ್ರು

ನನ್ನದೊಂದು ಬೇರೆ ಅಭಿಪ್ರಾಯ. ಇಷ್ಟೆಲ್ಲ ಕಷ್ಟ ಇರುವಾಗ ಮೂರನೇ ಹಂತಕ್ಕೆ 15,611 ಕೋಟಿ ಹಾಕುವ ಬದಲು ಬಸ್ಸು ತಗೊಳ್ಳಬಾರದೇ? 44.65 ಕಿ.ಮೀ. ಮೆಟ್ರೊ ದುಡ್ಡಿಗೆ ಎಷ್ಟು ಸಾವಿರ ಬಸ್ಸು ಬರುತ್ತವೆ ಯೋಚಿಸಿ. ಅದರ ಜೊತೆ ಕೆಳಗೆ ಕಾರಿಗೆ ಮೇಲ್ಸೇತುವೆ, ಮೇಲೆ ರೈಲು ಅಂತ ಡಬಲ್ ಡೆಕ್ಕರ್ ಬೇರೆ ಸೇರಿಸುತ್ತಿದ್ದಾರೆ. ಆ ಖರ್ಚನ್ನು ಸಾರ್ವಜನಿಕ ಸಾರಿಗೆ ಖರ್ಚು ಅನ್ನಬೇಕೋ ಕಾರಿನ ಖರ್ಚು ಅನ್ನಬೇಕೋ?

ಲೆಕ್ಕಪತ್ರ

ಮೇಷ್ಟ್ರೇ, ಡಬಲ್ ಡೆಕ್ಕರ್ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ಆ ಭಾಗದ ಖರ್ಚನ್ನು ಬೇರೆ ಲೆಕ್ಕದಲ್ಲೇ ತೋರಿಸಬೇಕು, ಮೆಟ್ರೊ ಸಾಲದ ಜೊತೆ ಬೆರೆಸಬಾರದು.

ಬಸ್ಸಿನ ವಿಷಯದಲ್ಲಿ ಅರ್ಧ ಒಪ್ಪುತ್ತೇನೆ. ಬಸ್ಸು ಬೇಕೇ ಬೇಕು. 2017ರ ಮೆಟ್ರೊ ನೀತಿಯಲ್ಲೇ ಮೆಟ್ರೊ ಕೇಳುವ ಮೊದಲು ಬಸ್ಸು, ಬಿಆರ್‌ಟಿ, ಟ್ರಾಮ್ ಎಲ್ಲ ಹೋಲಿಸಿ ನೋಡಿ ಅಂತ ಬರೆದಿದೆ. ಆದರೆ ಹೊರವರ್ತುಲ ರಸ್ತೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಬಸ್ಸು ಇಳಿಸಿದರೆ ಅದೂ ಕಾರಿನ ಹಿಂದೆ ನಿಲ್ಲುತ್ತೆ.

ಅಳತೆ ಪುಸ್ತಕ

ಒಂದು ವಿಷಯ ಬಿಟ್ಟುಹೋಯಿತು. ಎಲ್ಲಾ ಮುಗಿದ ಮೇಲೂ ದುಡ್ಡು ಹೋಗುತ್ತೆ. ಹಳದಿ ಮಾರ್ಗ ನೆನಪಿಸಿಕೊಳ್ಳಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರ, 19 ಕಿ.ಮೀ., 16 ನಿಲ್ದಾಣ. ಕಟ್ಟಡ, ಹಳಿ ಸಿದ್ಧವಾದ ಮೇಲೂ ಬಹಳ ಕಾಲ ಖಾಲಿ ನಿಂತಿತ್ತು, ಯಾಕಂದರೆ ರೈಲೇ ಇರಲಿಲ್ಲ. 216 ಬೋಗಿಗಳ ಗುತ್ತಿಗೆ ಚೀನಾದ ಸಿಆರ್‌ಆರ್‌ಸಿಗೆ ಹೋಗಿತ್ತು. 2020ರ ಗಡಿ ಘರ್ಷಣೆ, ಬಹುಪಾಲು ಬೋಗಿ ದೇಶದಲ್ಲೇ ತಯಾರಾಗಬೇಕು ಅನ್ನೋ ಷರತ್ತು, ಚೀನಾ ಎಂಜಿನಿಯರ್‌ಗಳ ವೀಸಾ, ಎಲ್ಲ ಸೇರಿ ಮೊದಲ ರೈಲು ಬಂದಿದ್ದು 2024ಕ್ಕೆ. ಮಾರ್ಗ ತೆರೆದಿದ್ದು 2025ರ ಆಗಸ್ಟ್ 10ಕ್ಕೆ, ಅದೂ ಮೂರು ರೈಲಿನಲ್ಲಿ, 25 ನಿಮಿಷಕ್ಕೊಂದು.

ಲೆಕ್ಕ ಹೇಗೆ ನೋಡಬೇಕು ಅಂದರೆ, ಉದಾಹರಣೆಗೆ 5,000 ಕೋಟಿ ಸಾಲಕ್ಕೆ ಶೇ 2 ಬಡ್ಡಿ ಅಂದರೂ ವರ್ಷಕ್ಕೆ 100 ಕೋಟಿ. ಆ ವರ್ಷ ಒಬ್ಬ ಪ್ರಯಾಣಿಕನೂ ಹತ್ತಲಿಲ್ಲ, ಒಂದು ಟಿಕೆಟ್ಟೂ ಹರಿಯಲಿಲ್ಲ. ಮೇಲಿಂದ ಖಾಲಿ ನಿಲ್ದಾಣಕ್ಕೆ ಸೆಕ್ಯುರಿಟಿ. ಬೋಗಿ, ಸಿಗ್ನಲ್, ಹಳಿ, ಸಿವಿಲ್ ನಾಲ್ಕರ ಗುತ್ತಿಗೆಯೂ ಒಂದೇ ದಿನಕ್ಕೆ ಮುಗಿಯುವ ಹಾಗೆ ಹೆಣೆಯಬೇಕು. ಯಾವುದು ಹಿಂದೆ ಬಿದ್ದರೂ ಉಳಿದ ಮೂರಕ್ಕೆ ಹಾಕಿದ ದುಡ್ಡು ಮಲಗುತ್ತೆ.

ದೆಹಲಿ ಮೊದಲ ಹಂತ 2005ರಲ್ಲಿ ಗಡುವಿಗಿಂತ ಮೊದಲೇ ಮುಗಿದಿದ್ದು ಇದರಿಂದಲೇ. 65 ಕಿ.ಮೀ., 10,571 ಕೋಟಿ. ಆಗಿನ ದೆಹಲಿ ಮೆಟ್ರೊ ಮುಖ್ಯಸ್ಥ ಶ್ರೀಧರನ್ ಅವರು ಸೈಟುಗಳಲ್ಲಿ ಹಿಂದೆ ಓಡುವ ಗಡಿಯಾರ ಇಟ್ಟಿದ್ದರು, ಇನ್ನು ಇಷ್ಟು ದಿನ ಅಂತ. ಆದರೆ ಗಡಿಯಾರಕ್ಕಿಂತ ದೊಡ್ಡದು ನಿರ್ಧಾರ ಮಾಡೋ ಅಧಿಕಾರ. ಅದು ಅವರ ಕೈಯಲ್ಲೇ ಇತ್ತು. ನಮ್ಮ ಪೈಪಿನ ಫೈಲು ಏಳು ತಿಂಗಳು ಸುತ್ತಿದ್ದು ಅದು ಯಾರ ಕೈಯಲ್ಲೂ ಇಲ್ಲದ್ದಕ್ಕೆ.

ಚಿಗರಿ ಪಾಸು

ಸರ್, ಇದೆಲ್ಲಾ ಕೇಳಿ ಒಂದು ಪ್ರಶ್ನೆ. ಸಾಮಾನ್ಯ ಮಂದಿ ನಾವು ಏನು ಮಾಡಬೇಕ್ರಿ? ಮಹಾಲೇಖಪಾಲರ ವರದಿ ಬರೂದ್ರಾಗ ಕೆಲಸ ಮುಗದು ನಾಲ್ಕು ವರ್ಷ ಆಗಿರತೈತಿ.

ಅಳತೆ ಪುಸ್ತಕ

ಮೇಡಂ, ಕೆಲಸ ನಡೆಯುವಾಗಲೇ ಕೇಳಬೇಕು, ಮುಗಿದ ಮೇಲಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕೋಣ. ಸುಮ್ಮನೆ «ಖರ್ಚಿನ ವಿವರ ಕೊಡಿ» ಅಂದರೆ ಒಂದು ಹಾಳೆ ಕೊಟ್ಟು ಕಳಿಸ್ತಾರೆ. ಪ್ರಶ್ನೆ ಹೀಗಿರಲಿ: ಗುತ್ತಿಗೆ ಕೊಟ್ಟ ದಿನ ಶೇ ಎಷ್ಟು ಜಾಗ ಕೈಯಲ್ಲಿತ್ತು? ಈವರೆಗೆ ಎಷ್ಟು ಸಲ, ಎಷ್ಟು ದಿನ ಅವಧಿ ವಿಸ್ತರಣೆ ಕೊಟ್ಟಿದ್ದೀರಿ, ಪ್ರತಿ ಸಲದ ಕಾರಣ ಏನು? ಬೆಲೆ ಏರಿಕೆ ಅಂತ ಪಾವತಿಸಿದ್ದೆಷ್ಟು? ವೇರಿಯೇಷನ್, ಅಂದರೆ ಗುತ್ತಿಗೆಯಲ್ಲಿದ್ದ ಕೆಲಸ ಬದಲಾದದ್ದಕ್ಕೆ, ಒಪ್ಪಿದ್ದೆಷ್ಟು? ಐಡಲ್ ಕ್ಲೇಮ್ ಬಂದಿದ್ದೆಷ್ಟು, ಆರ್ಬಿಟ್ರೇಷನ್‌ನಲ್ಲಿ ಎಷ್ಟಿದೆ? ಈ ಐದಕ್ಕೆ ಉತ್ತರ ಬಂದರೆ ಸಾಕು, ದುಡ್ಡು ಎಲ್ಲಿ ಹೋಯಿತು ಅಂತ ನಾನು ಕೂತು ಬಿಡಿಸಿ ಕೊಡ್ತೀನಿ.

ಲೆಕ್ಕಪತ್ರ

ಆರನೆಯದು ಸೇರಿಸಿ: ಸಾಲದ ಒಪ್ಪಂದದಲ್ಲಿ ಕೊನೆಯ ಹಣ ಎತ್ತುವ ದಿನಾಂಕ ಯಾವುದು, ಇದುವರೆಗೆ ಎತ್ತಿದ್ದೆಷ್ಟು. ಒಪ್ಪಿದ ಸಾಲ ಎತ್ತದೆ ಕೂತರೂ ಕೆಲವದಕ್ಕೆ ಕಮಿಟ್‌ಮೆಂಟ್ ಶುಲ್ಕ ಕಟ್ಟಬೇಕಾಗುತ್ತೆ.

ಚಿಗರಿ ಪಾಸು

ಏಳನೇದು ನಂದು: ಮುಗದ ಮ್ಯಾಲೆ ಹತ್ತು ವರ್ಷದ ರಿಪೇರಿಗೆ, ಹೊಸ ಗಾಡಿಗೆ ಎಷ್ಟು ತೆಗೆದಿಟ್ಟೀರಿ?

ಕಲಬುರಗಿ ಕಡೆಯವ

ರೈಲ್ವೆದಾಗ ನಮ್ಮ ಕಡಿ ಇನ್ನೂ ನಡದಿರೋ ಲೈನುಗಳಿಗಿ ನಾ ಹಾಕ್ತೀನಿ. ಇವೇ ಪ್ರಶ್ನೆ, ಜೊತಿಗಿ ವರ್ಷಾವರ್ಷಾ ಬಜೆಟ್ಟಿನಾಗ ಬಂದಿದ್ದೆಷ್ಟು, ಖರ್ಚಾಗಿದ್ದೆಷ್ಟು ಅಂತ ಒಂದು.

ಬನಶಂಕರಿ ವಾಸಿ

ಎಲ್ಲರಿಗೂ ಧನ್ಯವಾದ. ಅಳತೆ ಪುಸ್ತಕ ಸರ್, ನಿಮ್ಮ ಐದು, ಲೆಕ್ಕಪತ್ರ ಸರ್ ಅವರದ್ದೊಂದು, ಧಾರವಾಡದ ಅಕ್ಕನದ್ದೊಂದು, ಏಳನ್ನೂ ಈಗ ಟೈಪ್ ಮಾಡ್ತಿದ್ದೀನಿ. ಗುಲಾಬಿ ಮಾರ್ಗದ ಮೇಲೆ ಒಂದು, ವಿಮಾನ ನಿಲ್ದಾಣದ ಮಾರ್ಗದ ಮೇಲೆ ಒಂದು, ಎರಡು ಅರ್ಜಿ. ಯಲಹಂಕದವರೇ, ಉಪನಗರ ರೈಲಿನದ್ದು ನೀವು ಹಾಕ್ತೀರಾ? ಸೋಮವಾರ ನಾನು ರಜೆ ಹಾಕಿದ್ದೀನಿ, ಬೆಳಿಗ್ಗೆ ಹತ್ತೂವರೆಗೆ ಹೋಗಿ ಖುದ್ದಾಗಿ ಕೊಟ್ಟು ಸ್ವೀಕೃತಿ ತಗೊಂಡು ಬರ್ತೀನಿ. 30 ದಿನದಲ್ಲಿ ಬಂದ ಉತ್ತರವನ್ನು ಇಲ್ಲೇ ಹಾಕ್ತೀನಿ, ಬರದಿದ್ದರೆ ಮೇಲ್ಮನವಿಯ ಪ್ರತಿಯನ್ನು ಹಾಕ್ತೀನಿ.

ಯಲಹಂಕ ಲೋಕಲ್

ಹಾಕ್ತೀನಿ. ಮಲ್ಲಿಗೆ ಮಾರ್ಗಕ್ಕೊಂದು, ಕನಕಕ್ಕೊಂದು. ಕರಡು ಕಳಿಸಿ, ಇವತ್ತು ರಾತ್ರಿಯೇ ತುಂಬಿಡ್ತೀನಿ.